ಶುದ್ಧ ವಿದ್ಯುತ್ ಕಾಯ್ದೆ: ಗುರಿ ದೂರ, ದಂಡ ಹತ್ತಿರ

ಪ್ರಶ್ನೆ: ಅಮೆರಿಕದ ಹಲವು ರಾಜ್ಯಗಳು ‘ಶೇ 100 ಶುದ್ಧ ವಿದ್ಯುತ್’ ಎಂದು ಕಾಯ್ದೆ ಮಾಡಿಕೊಂಡಿವೆ. ಅವು ಕೆಲಸ ಮಾಡುತ್ತವೆಯೇ?

ಉತ್ತರ: ಕೊನೆಯ ವರ್ಷ ನೋಡಬೇಡಿ, ನಡುವಿನ ಗಡುವು ಮತ್ತು ದಂಡದ ಮೊತ್ತ ನೋಡಿ. ಹವಾಯಿ 2015ರಲ್ಲಿ, ಕ್ಯಾಲಿಫೋರ್ನಿಯಾ 2018ರಲ್ಲಿ 2045ರ ಗುರಿ ಇಟ್ಟುಕೊಂಡವು. ಕ್ಯಾಲಿಫೋರ್ನಿಯಾದ ಕಾಯ್ದೆಗೆ ಬಿಗಿ ಬಂದಿರುವುದು 2030ಕ್ಕೇ ಶೇ 60 ನವೀಕರಿಸಬಹುದಾದ ವಿದ್ಯುತ್ ಇರಬೇಕೆಂಬ ಷರತ್ತಿನಿಂದ.

ಲೆಕ್ಕ ನಡೆಯುವುದು ಹೀಗೆ. ಗಾಳಿ, ಬಿಸಿಲಿನಿಂದ ಹುಟ್ಟಿದ ಪ್ರತಿ ಸಾವಿರ ಯೂನಿಟ್‌ಗೆ ಒಂದು ಪ್ರಮಾಣಪತ್ರ. ವಿತರಣಾ ಕಂಪನಿ ತಾನು ಮಾರಿದ ವಿದ್ಯುತ್ತಿನ ನಿಗದಿತ ಪಾಲಿಗೆ ತಕ್ಕಷ್ಟು ಪತ್ರಗಳನ್ನು ಒಪ್ಪಿಸಬೇಕು. ಕೊರತೆ ಬಿದ್ದರೆ ಹಲವು ರಾಜ್ಯಗಳಲ್ಲಿ ಹಣ ಕಟ್ಟಬೇಕು. ಆ ಮೊತ್ತ ಪತ್ರದ ಬೆಲೆಗಿಂತ ಅಗ್ಗವಾದರೆ ಕಂಪನಿ ಹಣ ಕಟ್ಟಿ ಸುಮ್ಮನಾಗುತ್ತದೆ, ಹೊಸ ಸ್ಥಾವರ ಏಳುವುದಿಲ್ಲ. ಕಾಯ್ದೆ ಸೋಲುವುದು ಹೆಚ್ಚಾಗಿ ಇಲ್ಲೇ.

ಪ್ರಶ್ನೆ: ಒಮ್ಮೆ ಆದ ಕಾಯ್ದೆಯನ್ನು ಹಿಂದಕ್ಕೆ ಎಳೆಯಬಹುದೇ?

ಉತ್ತರ: ಎಳೆದಿದ್ದಾರೆ. ಓಹಿಯೊ 2019ರಲ್ಲಿ ತನ್ನ ನವೀಕರಿಸಬಹುದಾದ ವಿದ್ಯುತ್ತಿನ ಗುರಿಯನ್ನು ಶೇ 12.5ರಿಂದ 8.5ಕ್ಕೆ ಇಳಿಸಿ, ಅದೇ ಮಸೂದೆಯಲ್ಲಿ ಅಣು ಮತ್ತು ಕಲ್ಲಿದ್ದಲು ಸ್ಥಾವರಗಳಿಗೆ ಗ್ರಾಹಕರ ಬಿಲ್ಲಿನಿಂದ ಹಣ ಕೊಡಿಸಿತು. ಇದರ ಹಿಂದೆ ಸುಮಾರು 6 ಕೋಟಿ ಡಾಲರ್ ಲಂಚವಿತ್ತು. ಆಗಿನ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಶಿಕ್ಷೆಯಾಯಿತು. ಅಣು ಸ್ಥಾವರಗಳ ನೆರವು 2021ರಲ್ಲೇ ರದ್ದಾಯಿತು. ಇಳಿಸಿದ ಗುರಿ ಮಾತ್ರ ಮೇಲೇರಲಿಲ್ಲ, ಇದು ನೋವಿನ ಸಂಗತಿ.

ಉತ್ತರ ಕೆರೊಲಿನಾದಲ್ಲಿ ಲಂಚದ ಮಾತಿಲ್ಲ, ಆದರೂ ಪೆಟ್ಟು ಬಿತ್ತು. 2030ಕ್ಕೆ ಶೇ 70 ಇಂಗಾಲ ಕಡಿತವೆಂದು 2021ರಲ್ಲಿ ಎರಡೂ ಪಕ್ಷ ಒಪ್ಪಿದ್ದನ್ನು 2025ರ ಜುಲೈನಲ್ಲಿ ಶಾಸನಸಭೆ ರಾಜ್ಯಪಾಲರ ವೀಟೊ ಮೀರಿ ಕಿತ್ತುಹಾಕಿತು. 2050ಕ್ಕೆ ಇಂಗಾಲ ತಟಸ್ಥವಾಗಬೇಕೆಂಬ ಗುರಿ ಉಳಿದಿದೆ, ನಡುವೆ ಹಿಡಿದು ಕೇಳಲು ಗಡುವಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಉಲ್ಟಾ: ಮಾಲಿನ್ಯಕ್ಕೆ ಮಿತಿ ಹಾಕಿ ಪರವಾನಗಿ ಹರಾಜು ಮಾಡುವ ಕಾಯ್ದೆಯನ್ನು ರದ್ದು ಮಾಡುವ ಪ್ರಸ್ತಾವವನ್ನು 2024ರ ನವೆಂಬರಿನಲ್ಲಿ ಸುಮಾರು ಶೇ 62 ಮತದಾರರು ತಳ್ಳಿಹಾಕಿದರು.

ಪ್ರಶ್ನೆ: ಗುರಿಯಿದ್ದೂ ಸೋಲಾರ್ ಪಾರ್ಕ್ ಏಕೆ ತಡವಾಗುತ್ತದೆ?

ಉತ್ತರ: ಜಾಗದ ಅನುಮತಿ ಸ್ಥಳೀಯ ಆಡಳಿತದ ಕೈಲಿರುವುದು ಒಂದು ದೊಡ್ಡ ಕಾರಣ. ಓಹಿಯೊ 2021ರಲ್ಲಿ ದೊಡ್ಡ ಸೋಲಾರ್, ಗಾಳಿ ಯೋಜನೆಗಳನ್ನು ತಡೆಯುವ ಅಧಿಕಾರವನ್ನು ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕೊಟ್ಟಿತು. ಮಿಷಿಗನ್ 2023ರಲ್ಲಿ ಬೇರೆ ದಾರಿ ಹಿಡಿಯಿತು: 50 ಮೆಗಾವಾಟ್ ಮೇಲ್ಪಟ್ಟ ಸೋಲಾರ್, 100 ಮೆಗಾವಾಟ್ ಮೇಲ್ಪಟ್ಟ ಗಾಳಿ ಯೋಜನೆಗೆ ರಾಜ್ಯ ಆಯೋಗವೂ ಅನುಮತಿ ಕೊಡಬಹುದು. ಊರಿನ ನಿಯಮ ರಾಜ್ಯದ್ದಕ್ಕಿಂತ ಕಠಿಣವಾಗಿಲ್ಲದಿದ್ದರೆ ಅರ್ಜಿ ಮೊದಲು ಊರಿಗೇ ಹೋಗಬೇಕು.