ಬೇರೆ ದೇಶದ ಸೈನ್ಯ ಊರು ಹಿಡಿದಾಗ ಬಂಧಿತರಿಗೆ ಏನು ಹಕ್ಕಿದೆ?

ಒಂದು ದೇಶದ ಸೈನ್ಯ ಇನ್ನೊಂದು ದೇಶದ ನೆಲ ಹಿಡಿದು, ಅಲ್ಲಿನ ಸಾಮಾನ್ಯ ಜನರನ್ನು ಕೂಡಿಹಾಕಿದರೆ ಅವರಿಗೆ ಕಾನೂನಿನ ರಕ್ಷಣೆ ಇದೆಯಾ, ನಮ್ಮ ಕೋರ್ಟಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ರಕ್ಷಣೆ ಇದೆ. ಕೋರ್ಟಿನ ಮಾತು ಮಾತ್ರ ಅಷ್ಟು ಸುಲಭವಲ್ಲ. ನಾನು ಹುಬ್ಬಳ್ಳಿ ಕಡೆಯವನು, ಮಡಗಾಂವ್‌ನಲ್ಲಿ ವಕೀಲಿ ಮಾಡುತ್ತೇನೆ. ಗೋವಾದ್ದೇ ಒಂದು ಕೇಸಿನಿಂದ ಈ ವಿಷಯ ನನ್ನನ್ನು ಹಿಡಿದುಕೊಂಡಿತು.

ಇದಕ್ಕೆಂದೇ ಇರುವುದು 1949ರ ನಾಲ್ಕನೇ ಜಿನೀವಾ ಒಪ್ಪಂದ. ಕೇಸೇ ಹಾಕದೆ ಜನರನ್ನು ಇಟ್ಟುಕೊಳ್ಳಲು 78ನೇ ವಿಧಿ ಬಿಡುತ್ತದೆ, ನಿಜ. ಆದರೆ ಭದ್ರತೆಗೆ ಬೇರೆ ದಾರಿಯೇ ಇಲ್ಲದಾಗ ಮಾತ್ರ. ಆಗಲೂ ಬಂಧಿತರು ಮೇಲ್ಮನವಿ ಹಾಕಬಹುದು. ಸಾಧ್ಯವಾದರೆ ಆರು ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಬೇಕು. ಕೇಸು ಹಾಕಿದರೆ ಆರೋಪವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಬೇಕಾದ ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕು. ಬಾಯಿ ಬಿಡಿಸಲು ಹೊಡೆಯುವಂತಿಲ್ಲ, ಹೆದರಿಸುವಂತೆಯೂ ಇಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು 76ನೇ ವಿಧಿ. ಬಂಧಿತರನ್ನು ಅವರ ನೆಲದಲ್ಲೇ ಇಡಬೇಕು, ಶಿಕ್ಷೆಯಾದರೂ ಅಲ್ಲೇ ಅನುಭವಿಸಬೇಕು. ಇದು ಯಾಕೆ ಬೇಕು ಅನ್ನುವುದು ಗೋವಾದವರಿಗೆ ಬೇಗ ಅರ್ಥವಾಗುತ್ತದೆ. 1946ರಲ್ಲಿ ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ. ಬಿ. ಕುನ್ಹಾ ಅವರಿಗೆ ಪೋರ್ಚುಗೀಸ್ ಮಿಲಿಟರಿ ಕೋರ್ಟು ಎಂಟು ವರ್ಷ ಶಿಕ್ಷೆ ಕೊಟ್ಟು, ಪೋರ್ಚುಗಲ್‌ನ ಪೆನಿಷ್ ಕೋಟೆಗೆ ಸಾಗಿಸಿತು. ಅದು ಈ ಒಪ್ಪಂದಕ್ಕಿಂತ ಮೊದಲಿನ ಮಾತು, ವಸಾಹತು ಆಡಳಿತದ್ದು. ಆದರೂ ಯೋಚನೆ ಮಾಡಿ. ಇಲ್ಲಿನ ಅಗ್ವಾದ ಜೈಲಿನ ಬಾಗಿಲಿಗೆ ಮನೆಯವರು ನಡೆದಾದರೂ ಬಂದಾರು. ಸಮುದ್ರದ ಆಚೆ ಯಾರು ಹೋಗುತ್ತಾರೆ? ಸಾಕ್ಷಿ, ವಕೀಲ, ತಾಯಿ ಎಲ್ಲರೂ ಇಲ್ಲೇ ಉಳಿದುಬಿಡುತ್ತಾರೆ.

ವಿಚಾರಣೆಯಿಲ್ಲದೆ ಶಿಬಿರದಲ್ಲಿ ಇಟ್ಟವರಿಗೆ ಇನ್ನೊಂದು ಹಕ್ಕಿದೆ. ಶಿಬಿರಕ್ಕೆ ಬಂದ ಒಂದು ವಾರದೊಳಗೆ ಮನೆಗೆ ಒಂದು ಕಾರ್ಡು ಕಳಿಸಲು ಬಿಡಬೇಕು. ಎಲ್ಲಿದ್ದೇನೆ, ಆರೋಗ್ಯ ಹೇಗಿದೆ, ಅಷ್ಟೇ. ಆಮೇಲೆ ತಿಂಗಳಿಗೆ ಕಡಿಮೆ ಅಂದರೂ ಎರಡು ಪತ್ರ, ನಾಲ್ಕು ಕಾರ್ಡು.

ಇನ್ನು ಕೋರ್ಟು. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೂ ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡ ಪಾದ್ರಿ ಮೊಂತೇರೊ, ಪರವಾನಗಿ ಇಲ್ಲದೆ ಉಳಿದರೆಂದು ಅವರ ಮೇಲೆ ಕೇಸಾಯಿತು. ಜಿನೀವಾ ಒಪ್ಪಂದ ನನ್ನನ್ನು ಕಾಯುತ್ತದೆ ಅಂತ ಅವರು ವಾದಿಸಿದರು. 1969ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಗೋವಾ ಭಾರತದಲ್ಲಿ ಸೇರಿದ ಮೇಲೆ ಸೈನ್ಯದ ಹಿಡಿತ ಅನ್ನುವ ಸ್ಥಿತಿಯೇ ಮುಗಿಯಿತು ಅಂದಿತು. ಜೊತೆಗೆ, ನಮ್ಮ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಒಪ್ಪಂದ ಮುರಿದವರಿಗೆ ಶಿಕ್ಷೆ ಕೊಡುತ್ತದೆಯೇ ಹೊರತು ಒಬ್ಬ ವ್ಯಕ್ತಿಗೆ ನೇರ ಪರಿಹಾರ ಕೊಡುವುದಿಲ್ಲ ಅಂದಿತು. ಮೊದಲನೆಯದನ್ನು ನಾನು ಒಪ್ಪುತ್ತೇನೆ. ಎರಡನೆಯದು ಇವತ್ತಿಗೂ ನನಗೆ ನೋವಿನ ವಿಷಯ.

ಹಾಗಾಗಿ ನಿಮ್ಮವರು ಯಾರಾದರೂ ಎಲ್ಲಾದರೂ ಹೀಗೆ ಸಿಕ್ಕಿಬಿದ್ದಿದ್ದರೆ ಮೊದಲು ರೆಡ್ ಕ್ರಾಸ್‌ಗೆ ಬರೆಯಿರಿ. ಅವರ ಪ್ರತಿನಿಧಿಗಳು ಬಂಧಿತರನ್ನು ಕಾವಲಿನವರ ಎದುರಿಲ್ಲದೆ ಮಾತಾಡಿಸಬಹುದು, 143ನೇ ವಿಧಿಯಲ್ಲೇ ಇದೆ. ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಕೊನೆಯ ಸಲ ಕಂಡ ಜಾಗ, ಕರೆದುಕೊಂಡು ಹೋದವರು ಯಾರು, ಇಷ್ಟನ್ನು ತಪ್ಪದೆ ಬರೆಯಿರಿ.