ಅನುವಾದ ಮಾಡಿ ಬಳಸಿದರೂ ಕೃತಿಚೌರ್ಯವೇ?

ಪ್ರಶ್ನೆ: ಮೇಡಂ, ಗುಳೆ ಹೋಗುವ ಕುಟುಂಬಗಳ ಬಗ್ಗೆ ಕನ್ನಡದಲ್ಲಿ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೇನೆ. ಒಂದು ಅಧ್ಯಾಯದಲ್ಲಿ ಇಂಗ್ಲಿಷ್ ಪುಸ್ತಕದ ಕೆಲವು ಪ್ಯಾರಾಗಳನ್ನು ಅನುವಾದಿಸಿ ಹಾಕಿದ್ದೇನೆ. ಪುಸ್ತಕದ ಹೆಸರು ಕೊನೆಯ ಗ್ರಂಥಋಣದಲ್ಲಿದೆ. ಕೃತಿಚೌರ್ಯ ಪತ್ತೆ ಹಚ್ಚುವ ಸಾಫ್ಟ್‌ವೇರ್ ಶೇ 8 ಹೋಲಿಕೆ ತೋರಿಸಿದೆ. ಸಾಕಲ್ವಾ?

ಉತ್ತರ: ಸಾಲದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ನಿಜ. ಆದರೆ ಸಾಫ್ಟ್‌ವೇರ್ ಮುಖ್ಯವಾಗಿ ಪದಗಳ ಹೋಲಿಕೆ ಹುಡುಕುತ್ತದೆ. ಭಾಷೆ ಬದಲಾದರೆ ಎಷ್ಟೋ ಸಲ ಅದಕ್ಕೆ ಸುಳಿವೇ ಸಿಗುವುದಿಲ್ಲ. ಅದೇ ನಿಯಮ ಇನ್ನೊಬ್ಬರ ವಿಚಾರವನ್ನು ತನ್ನದೆಂದು ತೋರಿಸುವುದನ್ನೂ ಕೃತಿಚೌರ್ಯ ಎನ್ನುತ್ತದೆ. ನಿಮ್ಮ ಅನುವಾದ ಈ ಸಾಲಿಗೇ ಬರುತ್ತದೆ.

ಪದ ಬದಲಿಸಿದರೂ ಅಷ್ಟೇ. ಮೂಲ ಹೀಗಿದೆ ಎಂದುಕೊಳ್ಳಿ: 'ಬರಗಾಲದಲ್ಲಿ ಗಂಡಸರು ಗುಳೆ ಹೋದಾಗ ಬೇಸಾಯದ ನಿರ್ಧಾರಗಳು ಹೆಂಗಸರ ಕೈಗೆ ಬಂದವು.' ಇದನ್ನು 'ಮಳೆ ಕೈಕೊಟ್ಟಾಗ ಪುರುಷರು ವಲಸೆ ಹೋಗಿ, ಕೃಷಿಯ ತೀರ್ಮಾನಗಳು ಮಹಿಳೆಯರ ಪಾಲಾದವು' ಎಂದು ಬರೆದರೆ ಏನು ಹೊಸದಾಯಿತು? ಊರೂರು ತಿರುಗಿ, ಜನರನ್ನು ಮಾತಾಡಿಸಿ ಅದನ್ನು ಕಂಡುಕೊಂಡವರು ಬೇರೆಯವರು. ಅವರ ಹೆಸರು ಆ ವಾಕ್ಯದ ಪಕ್ಕದಲ್ಲೇ ಇರಬೇಕು. ಗ್ರಂಥಋಣದಲ್ಲಿ ಸುಮ್ನೆ ಪುಸ್ತಕದ ಹೆಸರಿದ್ದರೆ, ಯಾವ ಮಾತು ಅವರದು, ಯಾವುದು ನಿಮ್ಮದು ಎಂದು ಓದುವವರಿಗೆ ಹೇಗೆ ಗೊತ್ತಾಗಬೇಕು?

ಎಲ್ಲದಕ್ಕೂ ಟಿಪ್ಪಣಿ ಬೇಡ. ಕಲ್ಯಾಣ ಕರ್ನಾಟಕದಿಂದ ಜನ ಗುಳೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕೆ ಒಬ್ಬರು ಕೊಟ್ಟ ಕಾರಣ, ಮಾಡಿದ ಲೆಕ್ಕ, ಕಟ್ಟಿದ ವಾದ ಮಾತ್ರ ಅವರವು.

ಈಗ ಆ ಅಧ್ಯಾಯವನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತುಕೊಳ್ಳಿ. ಬಿಡಲಾಗದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಲೇಖಕರು, ವರ್ಷ, ಪುಟ ಕೊಡಿ. 'ಅನುವಾದ ನನ್ನದು' ಎಂದೂ ಸೇರಿಸಿ. ಹೀಗೆ ಮೂಲ ಹೇಳಿ ಉದ್ಧರಿಸಿದ ಭಾಗವನ್ನು ನಿಯಮವೇ ಹೋಲಿಕೆಯ ಲೆಕ್ಕದಿಂದ ಹೊರಗಿಡುತ್ತದೆ, ಹಾಗಾಗಿ ಭಯ ಬೇಡ. ಉಳಿದದ್ದನ್ನು ಪುಸ್ತಕ ಮುಚ್ಚಿ ನಿಮ್ಮ ಮಾತಲ್ಲಿ ಬರೆಯಿರಿ. ಅಲ್ಲೂ ಮೂಲದ ಹೆಸರು ಬೇಕು.

ಗೈಡ್‌ಗೆ ಈಗಲೇ ವಿಷಯ ತಿಳಿಸಿ. ಡಿಗ್ರಿ ಕೈಗೆ ಬಂದ ಮೇಲೆ ಕೃತಿಚೌರ್ಯ ಸಾಬೀತಾದರೂ ಆ ಡಿಗ್ರಿಯನ್ನು ತಡೆಹಿಡಿಯಲು ನಿಯಮದಲ್ಲಿ ಅವಕಾಶವಿದೆ. ಸಲ್ಲಿಸುವ ಮೊದಲಾದರೆ ಇದು ಬರೀ ತಿದ್ದುವ ಕೆಲಸ.