ಸೌಂಡ್ ಆಫ್ ಮಾಡಿ ನೋಡಿ

ಪರದೆ ಮಾತು: ಓದುಗರ ಪ್ರಶ್ನೆಗಳಿಗೆ ತುಮಕೂರಿನ ಡ್ರಾಯಿಂಗ್ ಮೇಡಂ ಉತ್ತರ

ಪ್ರಶ್ನೆ: ಮೇಡಂ, ಚಿಕ್ಕವನಿದ್ದಾಗ ದೂರದರ್ಶನದಲ್ಲಿ ನೋಡುತ್ತಿದ್ದ 'ಜಂಗಲ್ ಬುಕ್' ಕಾರ್ಟೂನನ್ನು ಮೊನ್ನೆ ಮಗನಿಗೆ ಹಾಕಿ ತೋರಿಸಿದೆ. ಐದು ನಿಮಿಷಕ್ಕೇ ಎದ್ದು ಹೋದ. ನನಗೆ ಕಣ್ಣು ತುಂಬಿ ಬಂತು. ಅದು ನಿಜಕ್ಕೂ ಚೆನ್ನಾಗಿತ್ತಾ, ಇಲ್ಲಾ ಬರೀ ಬಾಲ್ಯದ ನೆನಪಾ?
– ಓದುಗರು, ಶಿರಾ

ಉತ್ತರ: ನೆನಪೂ ಇದೆ. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯಲ್ಲಿ ಬೀದಿ ಮಕ್ಕಳೆಲ್ಲ ಸೇರುತ್ತಿದ್ದ ಕಾಲ ಅದು. ಆ ಖುಷಿಯನ್ನು ನಿಮ್ಮ ಮಗನಿಗೆ ಕೊಡಲು ಆಗುವುದಿಲ್ಲ.

ಆದರೆ ಅಷ್ಟೇ ಅಲ್ಲ. ಅದು 1989ರಲ್ಲಿ ಜಪಾನಿನ ನಿಪ್ಪಾನ್ ಆನಿಮೇಷನ್ ಮಾಡಿದ ಸರಣಿ. ನಮ್ಮ ಟಿವಿಗೆ ಬಂದದ್ದು ಹಿಂದಿಯಲ್ಲಿ, ಗುಲ್ಜಾರ್ ಬರೆದ ಹಾಡಿನ ಜೊತೆ. ಆಗ ನಮ್ಮ ಕಡೆ ಹಳ್ಳಿಗಳಲ್ಲಿ ಎಷ್ಟು ಮಕ್ಕಳಿಗೆ ಹಿಂದಿ ಬರುತ್ತಿತ್ತು ಹೇಳಿ? ನನಗಂತೂ ಬರುತ್ತಿರಲಿಲ್ಲ. ಆದರೂ ಮೌಗ್ಲಿಗೆ ಯಾವಾಗ ಭಯ, ಯಾವಾಗ ಕೋಪ, ಯಾರು ನಮ್ಮವರು, ಯಾರು ಅಲ್ಲ, ಎಲ್ಲ ಗೊತ್ತಾಗುತ್ತಿತ್ತು. ಮಾತು ತಿಳಿಯದ ಕಾರಣ ನಾವು ಭುಜ, ಹುಬ್ಬು, ನಡಿಗೆ ನೋಡಿ ಕಥೆ ಹಿಡಿದೆವು. ಆ ಚಿತ್ರಗಳು ಇಷ್ಟು ಗಟ್ಟಿಯಾಗಿ ಉಳಿದದ್ದು ಅದಕ್ಕೇ ಅಂತ ನನ್ನ ನಂಬಿಕೆ.

ಜಪಾನಿನ ನಿರ್ದೇಶಕ ಮಿಯಾಜಾಕಿ ಅವರ 1988ರ ಆನಿಮೇಷನ್ ಸಿನಿಮಾ 'ಮೈ ನೇಬರ್ ಟೊಟೊರೊ' ಸಿಕ್ಕರೆ ಮಗನ ಜೊತೆ ಕೂತು ನೋಡಿ. ಅದರಲ್ಲಿ ಒಂದು ಬಸ್ ಸ್ಟಾಪ್ ಇದೆ. ಮಳೆ, ಕತ್ತಲು, ಅಪ್ಪನ ಬಸ್ ಇನ್ನೂ ಬಂದಿಲ್ಲ. ಅಕ್ಕನ ಬೆನ್ನ ಮೇಲೆ ತಂಗಿ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಟೊಟೊರೊ ಎಂಬ ದೊಡ್ಡ ಪ್ರಾಣಿ ತಲೆ ಮೇಲೆ ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತದೆ. ಮಾತು ಇಲ್ಲವೇ ಇಲ್ಲ ಅನ್ನಬೇಕು. ಅಕ್ಕ ಕೊಟ್ಟ ಛತ್ರಿಯ ಮೇಲೆ ಹನಿ ಬಿದ್ದ ಸದ್ದು ಕೇಳಿ ಅದಕ್ಕೆ ಎಲ್ಲಿಲ್ಲದ ಖುಷಿ. ಯಾವ ಭಾಷೆಯ ಮಗುವಿಗೂ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ?

ಮಗನಿಗೆ 'ನಮ್ಮ ಕಾಲದ್ದು' ಅಂತ ಹೇಳಬೇಡಿ. ಟಿವಿ ಸೌಂಡ್ ಆಫ್ ಮಾಡಿ, 'ಏನಾಯ್ತು ಹೇಳು ನೋಡೋಣ' ಅಂತ ಕೇಳಿ. ಅವನ ಇಷ್ಟದ ಹೊಸ ಕಾರ್ಟೂನಿಗೂ ಹಾಗೇ ಮಾಡಿ. ಸದ್ದಿಲ್ಲದೆಯೂ ಕಥೆ ಹೇಳುವ ಹೊಸ ಸಿನಿಮಾಗಳು ಬೇಕಾದಷ್ಟಿವೆ. ಅವನ್ನು ನೀವು ಅವನಿಂದ ಕಲಿಯಿರಿ.

ಪ್ರಶ್ನೆ: ಹಳೆಯ ಕಾರ್ಟೂನುಗಳಲ್ಲಿ ಓಡಾಟ ಸ್ವಲ್ಪ ತಡೆದು ತಡೆದು ಕಾಣುತ್ತದೆ. ಯಾಕೆ?
– ಓದುಗರು, ಚಿಂತಾಮಣಿ

ಉತ್ತರ: ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆ ಮೇಲೆ ಒಂದರ ಹಿಂದೊಂದು ಬರುವ ಅಲುಗದ ಚಿತ್ರಗಳು. ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ ಬರೆಯುವುದು 12 ಚಿತ್ರ. ಟಿವಿಗೆ ಮಾಡುವಾಗ ದುಡ್ಡು, ಟೈಮು ಎರಡೂ ಕಡಿಮೆ, ಹಾಗಾಗಿ ಚಿತ್ರಗಳೂ ಕಡಿಮೆ. ಅದಕ್ಕೇ ಓಡಾಟ ತಡೆದು ತಡೆದು ಕಾಣುತ್ತದೆ.

ಪ್ರಶ್ನೆ: ಮಗಳಿಗೆ ಆನಿಮೇಷನ್ ಹುಚ್ಚು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಎಲ್ಲಿಂದ ಶುರು ಮಾಡಿಸಲಿ?
– ಓದುಗರು, ಮಾಲೂರು

ಉತ್ತರ: ಕತ್ತರಿಯಿಂದ. ಜರ್ಮನಿಯ ಲೋಟೆ ರೈನಿಗರ್ ಎಂಬಾಕೆ ಕಪ್ಪು ಕಾಗದ ಕತ್ತರಿಸಿ, ಕೈಕಾಲಿಗೆ ಕೀಲು ಕಟ್ಟಿ, ಗಾಜಿನ ಮೇಜಿನ ಕೆಳಗಿಂದ ಬೆಳಕು ಬಿಟ್ಟು, ಒಂದೊಂದೇ ಫ್ರೇಮ್ ಹಿಡಿದು 1926ರಲ್ಲಿ ಪೂರ್ತಿ ಉದ್ದದ ಸಿನಿಮಾ ಮುಗಿಸಿದರು. ಇವತ್ತಿಗೆ ಉಳಿದಿರುವ ಅಂಥ ಆನಿಮೇಷನ್ ಸಿನಿಮಾಗಳಲ್ಲಿ ಅದೇ ಅತ್ಯಂತ ಹಳೆಯದು. ನಮ್ಮ ತೊಗಲುಗೊಂಬೆಗೂ ಕೀಲು, ಪರದೆ, ಹಿಂದಿನ ಬೆಳಕು ಇವೇ ಜೀವ. ಎಲ್ಲಾದರೂ ಆಟ ಇದ್ದರೆ ಮಗಳನ್ನು ತಪ್ಪದೆ ಕರೆದುಕೊಂಡು ಹೋಗಿ. ಆಟ ಮುಗಿದ ಮೇಲೆ ಕಲಾವಿದರನ್ನು ಕೇಳಿ, ಪರದೆಯ ಹಿಂದೆಯೂ ತೋರಿಸಿ.

ಆಮೇಲೆ ಮನೆಯಲ್ಲಿ ಹಳೆ ಮದುವೆ ಕಾರ್ಡಿನಿಂದ ಒಂದು ಗೊಂಬೆ ಕತ್ತರಿಸಲಿ. ಫೋನನ್ನು ಎರಡು ಡಬ್ಬಿಗಳ ನಡುವೆ ಅಲುಗದಂತೆ ಕಟ್ಟಿ. ಗೊಂಬೆಯನ್ನು ಒಂಚೂರು ಸರಿಸಿ ಒಂದು ಫೋಟೊ, ಮತ್ತೆ ಒಂಚೂರು, ಮತ್ತೊಂದು ಫೋಟೊ. ಎಲ್ಲವನ್ನೂ ಬೇಗ ಬೇಗ ಸರಿಸಿ ನೋಡಿದರೆ ಗೊಂಬೆ ಓಡಾಡುತ್ತದೆ. ಹಗಲು ಕಿಟಕಿ ಪಕ್ಕ ಬೇಡ. ಬಿಸಿಲು ಬದಲಾದರೆ ಚಿತ್ರ ಮಿಣುಕುತ್ತದೆ. ರಾತ್ರಿ ಒಂದೇ ಬಲ್ಬಿನ ಕೆಳಗೆ ಮಾಡಿಸಿ, ಫ್ಯಾನ್ ಆಫ್ ಮಾಡಿ.